ಸವಾರನ ತೂಕವೂ ಪಂದ್ಯದ ನ್ಯಾಯವೂ

ಆಟಗಾರರನ್ನು ತೂಗಿ ನೋಡಿ ಕಣಕ್ಕಿಳಿಸುವ ಪದ್ಧತಿ ಹೊಸದೇನಲ್ಲ. ಕುಸ್ತಿಯಲ್ಲಿ 57 ಕಿ.ಗ್ರಾಂ. ವರ್ಗದವನನ್ನು 97 ಕಿ.ಗ್ರಾಂ. ವರ್ಗದವನ ಎದುರು ನಿಲ್ಲಿಸುವವರಿಲ್ಲ. ಕುದುರೆ ಪಂದ್ಯದ ಜಾಕಿಯನ್ನು ಓಟಕ್ಕೆ ಮುಂಚೆಯೂ ಓಟ ಮುಗಿದ ಬಳಿಕವೂ ತಕ್ಕಡಿಗೆ ಏರಿಸುತ್ತಾರೆ. ಗೊತ್ತುಪಡಿಸಿದ ತೂಕಕ್ಕೆ ಕೊರತೆ ಬಿದ್ದರೆ ಜೀನಿನೊಡನೆ ಸೀಸದ ತುಂಡುಗಳನ್ನು ಹೊರಿಸುತ್ತಾರೆ. ಇದು ನ್ಯಾಯವೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಮೋಟಾರ್ ಸೈಕಲ್ ಪಂದ್ಯದ ಮಾತು ಬಂದಾಗ ಅಭಿಪ್ರಾಯಗಳು ಎರಡಾಗಿ ಒಡೆಯುತ್ತವೆ. ಎಳೆಯುವುದು ಎಂಜಿನು, ಸವಾರ ಅದರ ಮೇಲೆ ಕುಳಿತವನಷ್ಟೆ. ಅವನ ತೂಕದಿಂದ ಏನಾದೀತು ಎಂದು ಕೆಲವರು ಹೇಳುತ್ತಾರೆ. ಹಗುರವಾದವನೇ ಗೆಲ್ಲುತ್ತಾನೆ, ಉಳಿದುದೆಲ್ಲ ಬರಿಯ ಮಾತು ಎಂದು ಇನ್ನು ಕೆಲವರು ವಾದಿಸುತ್ತಾರೆ. ಎರಡು ಮಾತುಗಳೂ ಅರ್ಧ ಸತ್ಯಗಳೆಂಬುದು ನಮ್ಮ ಅಭಿಪ್ರಾಯ. ಸತ್ಯಾಂಶ ಎಷ್ಟೆಂಬುದನ್ನು ಯಂತ್ರಶಾಸ್ತ್ರದಿಂದಲೇ ತಿಳಿಯಬಹುದು. ಅದನ್ನು ತಿಳಿದರೆ ಪಂದ್ಯದ ನಿಯಮ ಹೇಗಿರಬೇಕೆಂಬುದೂ ಬಹುಮಟ್ಟಿಗೆ ತಾನಾಗಿಯೇ ಹೊಳೆಯುತ್ತದೆ.

ಮೊದಲು ನಿಯಮದ ಸಂಗತಿಯನ್ನು ನೋಡೋಣ. ಜಾಗತಿಕ ಗ್ರ್ಯಾಂಡ್ ಪ್ರೀ ಪಂದ್ಯಗಳು ಮೂರು ವರ್ಗಗಳಲ್ಲಿ ನಡೆಯುತ್ತವೆ. 2024ರ ನಿಯಮಾವಳಿಯನ್ನೇ ಉದಾಹರಣೆಗೆ ತೆಗೆದುಕೊಂಡರೆ, ಕೆಳಗಿನ ವರ್ಗವಾದ ಮೋಟೋ3ರಲ್ಲಿ 250 ಸಿ.ಸಿ.ಯ, ಒಂದೇ ಸಿಲಿಂಡರಿನ ಯಂತ್ರಗಳು ಓಡಿದವು. ಅಲ್ಲಿ ಯಂತ್ರ ಮತ್ತು ಸವಾರ ಇಬ್ಬರನ್ನೂ ಕೂಡಿಸಿ ತೂಗಿದರೆ ಕನಿಷ್ಠ 152 ಕಿ.ಗ್ರಾಂ. ಇರಬೇಕಾಗಿತ್ತು. ಅತ್ಯುಚ್ಚ ವರ್ಗವಾದ ಮೋಟೋಜಿಪಿಯಲ್ಲಿ 1000 ಸಿ.ಸಿ.ಯ ಯಂತ್ರಗಳು ಓಡಿದವು. ಅಲ್ಲಿ ಯಂತ್ರ ಮಾತ್ರವೇ 157 ಕಿ.ಗ್ರಾಂ.ಗೆ ಕಡಿಮೆಯಾಗಬಾರದೆಂದು ಕಟ್ಟಳೆಯಿತ್ತು. ಸವಾರ ಎಷ್ಟು ತೂಗುತ್ತಾನೆಂದು ಕೇಳುವವರಿರಲಿಲ್ಲ. ಹೀಗೆ ಒಂದೇ ಮೈದಾನದಲ್ಲಿ, ಒಂದೇ ದಿನ, ಒಂದೇ ಪ್ರಶ್ನೆಗೆ ಎರಡು ಬೇರೆ ಉತ್ತರಗಳು ದೊರೆಯುತ್ತಿದ್ದವು. ಇದಕ್ಕೆ ಕಾರಣವುಂಟೆ?

ನ್ಯೂಟನ್ನನ ಎರಡನೆಯ ನಿಯಮ ನಮ್ಮ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದುದು. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ದೊರೆಯುತ್ತದೆ. ಈಗ ಇಬ್ಬರು ಸವಾರರನ್ನು ಕಲ್ಪಿಸಿಕೊಳ್ಳೋಣ. ಚರ್ಮದ ಉಡುಪು, ಶಿರಸ್ತ್ರಾಣ, ಪಾದರಕ್ಷೆಗಳನ್ನು ತೊಟ್ಟು ಒಬ್ಬನು 65 ಕಿ.ಗ್ರಾಂ., ಇನ್ನೊಬ್ಬನು 80 ಕಿ.ಗ್ರಾಂ. ತೂಗಲಿ. ಇಬ್ಬರಿಗೂ 85 ಕಿ.ಗ್ರಾಂ. ತೂಕದ, ಸುಮಾರು 60 ಅಶ್ವಶಕ್ತಿಯ ಪುಟ್ಟ ಯಂತ್ರಗಳನ್ನು ಕೊಡೋಣ. ಒಟ್ಟು ತೂಕ ಒಬ್ಬನದು 150, ಇನ್ನೊಬ್ಬನದು 165 ಆಯಿತು. ತಿರುವಿನಿಂದ ಇಬ್ಬರೂ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಜೊತೆಯಾಗಿ ಹೊರಬಂದರೆನ್ನಿ. ಹಗುರವಾದವನ ವೇಗ ಪ್ರತಿ ಸೆಕೆಂಡಿಗೂ 5 ಮೀಟರಿನಂತೆ ಏರಿದರೆ, ಅದೇ ಬಲದಿಂದ ಭಾರವಾದವನ ವೇಗ 4.55 ಮೀಟರಿನಂತೆ ಮಾತ್ರ ಏರುತ್ತದೆ. ಆರು ಸೆಕೆಂಡುಗಳಲ್ಲಿ ಮೊದಲನೆಯವನು 270 ಮೀಟರ್ ಸಾಗಿದರೆ ಎರಡನೆಯವನು ಸುಮಾರು 262 ಮೀಟರ್ ಸಾಗಿರುತ್ತಾನೆ. ಎಂಟು ಮೀಟರ್ ಎಂದರೆ ನಾಲ್ಕು ಮೋಟಾರ್ ಸೈಕಲ್ಲುಗಳ ಉದ್ದ. ಭಾರವಾದವನು ಏನೊಂದು ತಪ್ಪನ್ನೂ ಮಾಡಲಿಲ್ಲ. ಆದರೂ ಅಷ್ಟು ಹಿಂದೆ ಬಿದ್ದನು. ಮುಂದಿನವನ ಬೆನ್ನ ಹಿಂದೆ ಗಾಳಿಯ ಮರೆಯಲ್ಲಿ ಅಡಗಿ ಅವನು ಈ ನಷ್ಟದಲ್ಲಿ ಸ್ವಲ್ಪವನ್ನು ತುಂಬಿಕೊಳ್ಳಬಹುದು. ಆದರೆ ಪ್ರತಿಯೊಂದು ಸುತ್ತಿನಲ್ಲಿಯೂ, ಪ್ರತಿಯೊಂದು ತಿರುವಿನ ಬಳಿಕವೂ ಅವನು ಈ ಸಾಲವನ್ನು ತೀರಿಸುತ್ತಲೇ ಇರಬೇಕು.

ಇದೇ ಇಬ್ಬರನ್ನು ದೊಡ್ಡ ಯಂತ್ರಗಳ ಮೇಲೆ ಕೂರಿಸಿದರೆ ಲೆಕ್ಕ ಬದಲಾಗುತ್ತದೆ. ಯಂತ್ರ 157 ಕಿ.ಗ್ರಾಂ., ಓಟದ ಆರಂಭದಲ್ಲಿ ತುಂಬುವ 22 ಲೀಟರ್ ಇಂಧನ ಸುಮಾರು 16 ಕಿ.ಗ್ರಾಂ.; ಸವಾರರನ್ನು ಸೇರಿಸಿದರೆ ಒಟ್ಟು 238 ಮತ್ತು 253. ಒಂಬತ್ತರಷ್ಟಿದ್ದ ಶೇಕಡಾ ವ್ಯತ್ಯಾಸ ಆರಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದುಂಟು. ಈ ಯಂತ್ರಗಳ ಶಕ್ತಿ 250 ಅಶ್ವಶಕ್ತಿಗೂ ಮಿಕ್ಕಿದುದು. ಕೆಳಗಿನ ಗೇರುಗಳಲ್ಲಿ ಆ ಶಕ್ತಿಯನ್ನೆಲ್ಲ ಉಪಯೋಗಿಸಲು ಬರುವುದೇ ಇಲ್ಲ. ಉಪಯೋಗಿಸಹೊರಟರೆ ಮುಂದಿನ ಚಕ್ರ ನೆಲವನ್ನು ಬಿಟ್ಟು ಮೇಲೇಳುತ್ತದೆ. ಹೀಗೆ ಚಕ್ರ ಏಳುವ ಮಿತಿಯನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಹಿಂದಿನ ಚಕ್ರ ನೆಲವನ್ನು ಮುಟ್ಟುವ ಸ್ಥಳದಿಂದ ಗುರುತ್ವಕೇಂದ್ರ ಎಷ್ಟು ಮುಂದಕ್ಕಿದೆಯೋ ಅದನ್ನು, ಗುರುತ್ವಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಿ, ಭೂಮಿಯ ಗುರುತ್ವ ವೇಗೋತ್ಕರ್ಷದಿಂದ ಗುಣಿಸಿದರಾಯಿತು. ಎರಡೂ 70 ಸೆಂಟಿಮೀಟರ್ ಆಗಿದ್ದರೆ ಮಿತಿಯು ಸೆಕೆಂಡಿಗೆ 9.8 ಮೀಟರ್, ಅಂದರೆ ಪ್ರತಿ ಸೆಕೆಂಡಿಗೂ ವೇಗವು ಗಂಟೆಗೆ 35 ಕಿ.ಮೀ.ಗಳಷ್ಟು ಏರಬಹುದು, ಅದಕ್ಕಿಂತ ಹೆಚ್ಚಿಲ್ಲ. ಈ ಸೂತ್ರದಲ್ಲಿ ತೂಕ ಎಲ್ಲಿಯೂ ಕಾಣಿಸುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಕಾಣಿಸುವುದು ಎತ್ತರ. ನೀಳಕಾಯದ ಸವಾರನಿಂದ ಗುರುತ್ವಕೇಂದ್ರ ಎರಡು ಸೆಂಟಿಮೀಟರ್ ಮೇಲೇರಿದರೂ ಮಿತಿ ಶೇಕಡಾ ಮೂರರಷ್ಟು ತಗ್ಗುತ್ತದೆ. ಬ್ರೇಕು ಹಾಕುವಾಗಲೂ ಹೀಗೆಯೇ. ಅಲ್ಲಿ ಏಳುವುದು ಹಿಂದಿನ ಚಕ್ರ ಎಂಬುದಷ್ಟೇ ವ್ಯತ್ಯಾಸ. ಆದುದರಿಂದ ದೊಡ್ಡ ಯಂತ್ರಗಳಲ್ಲಿ ತೂಕದ ಪ್ರಭಾವವೆಲ್ಲ ಮೇಲಿನ ಗೇರುಗಳಿಗೂ, ಬ್ರೇಕುಗಳ ಕಾವಿಗೂ, ಟೈರುಗಳ ಸವೆತಕ್ಕೂ, ಇಂಧನದ ವೆಚ್ಚಕ್ಕೂ ಬಹುಮಟ್ಟಿಗೆ ಸೀಮಿತವಾಗುತ್ತದೆ.

ತಿರುವಿನಲ್ಲಿ ಏನಾಗುತ್ತದೆ? ಐವತ್ತು ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಾಯಬೇಕಾದರೆ, ಚಕ್ರಗಳು ನೆಲವನ್ನು ಮುಟ್ಟುವಲ್ಲಿಂದ ಗುರುತ್ವಕೇಂದ್ರಕ್ಕೆ ಎಳೆದ ಗೆರೆ ಲಂಬರೇಖೆಯಿಂದ ಸುಮಾರು 58 ಡಿಗ್ರಿ ವಾಲಬೇಕು. ಈ ಕೋನವು ವೇಗವನ್ನೂ ತ್ರಿಜ್ಯವನ್ನೂ ಅವಲಂಬಿಸಿದೆಯೇ ಹೊರತು ತೂಕವನ್ನಲ್ಲ. ಹೆಚ್ಚು ತೂಕವನ್ನು ತಿರುಗಿಸಲು ಹೆಚ್ಚು ಬಲ ಬೇಕು. ಆದರೆ ಅದೇ ತೂಕ ಟೈರನ್ನು ನೆಲಕ್ಕೆ ಹೆಚ್ಚಾಗಿ ಒತ್ತಿ ಹೆಚ್ಚು ಘರ್ಷಣೆಯನ್ನೂ ಒದಗಿಸುತ್ತದೆ. ಕೊಟ್ಟುದೂ ಪಡೆದುದೂ ಹೆಚ್ಚುಕಡಮೆ ಸಮವಾಗುತ್ತದೆ. ರಬ್ಬರಿನ ಸ್ವಭಾವ ಶಾಲೆಯ ಪಾಠದಲ್ಲಿ ಹೇಳುವಷ್ಟು ಸರಳವಲ್ಲವಾದ್ದರಿಂದ ಭಾರ ಏರಿದಂತೆ ಹಿಡಿತವು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಓಟದ ಕೊನೆಯ ಸುತ್ತುಗಳಲ್ಲಿ ಭಾರವಾದವನ ಟೈರು ಬೇಗ ಸೋಲಬಹುದು. ಇನ್ನೊಂದು ಕಡೆ, ತೀರ ಹಗುರವಾದವನ ಕೆಳಗೆ ಟೈರು ತಕ್ಕಷ್ಟು ಕಾಯದೆ ಹಿಡಿತವನ್ನೇ ಕೊಡದಿರುವುದೂ ಉಂಟು.

ಗಾಳಿಯ ಪಾತ್ರ ಬೇರೆ. ಸಮತಲದ ನೇರ ದಾರಿಯಲ್ಲಿ ಗರಿಷ್ಠ ವೇಗವನ್ನು ಮುಟ್ಟಿದ ಯಂತ್ರ ಹೋರಾಡುವುದು ಮುಖ್ಯವಾಗಿ ಗಾಳಿಯೊಡನೆ. 2023ರಲ್ಲಿ ಇಟಲಿಯ ಮುಜೆಲ್ಲೊ ಮೈದಾನದಲ್ಲಿ ಬ್ರ್ಯಾಡ್ ಬಿಂಡರ್ ಗಂಟೆಗೆ 366.1 ಕಿ.ಮೀ. ವೇಗವನ್ನು ಮುಟ್ಟಿದಾಗ ಅವನ ಎಂಜಿನಿನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಸಂದಿತು. ಇದಕ್ಕೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ಆದುದರಿಂದ ಗಾಳಿಗೆ ಎದುರಾಗುವ ಮೈಯ ವಿಸ್ತಾರ ಶೇಕಡಾ ಮೂರರಷ್ಟು ಕಡಿಮೆಯಾದರೆ ವೇಗ ಶೇಕಡಾ ಒಂದರಷ್ಟು ಹೆಚ್ಚುತ್ತದೆ. ಇಲ್ಲಿ ಲಾಭ ಪಡೆಯುವವನು ಚಿಕ್ಕ ಗಾತ್ರದವನು; ಹಗುರವಾದವನೆಂಬ ಕಾರಣಕ್ಕಲ್ಲ, ಪರದೆಯ ಹಿಂದೆ ಅಡಗಬಲ್ಲವನೆಂಬ ಕಾರಣಕ್ಕೆ.

ಭಾರವಾದವನಿಗೂ ಒಂದು ಅನುಕೂಲವುಂಟು. ಮೋಟಾರ್ ಸೈಕಲ್ಲಿನ ಮೇಲೆ ಸವಾರನು ಮೂಟೆಯಂತೆ ಕುಳಿತಿರುವುದಿಲ್ಲ. ತನ್ನ ದೇಹವನ್ನು ಹಿಂದಕ್ಕೂ ಮುಂದಕ್ಕೂ ಪಕ್ಕಕ್ಕೂ ಸರಿಸಿ ಯಂತ್ರವನ್ನು ಆಳುತ್ತಾನೆ. ನಾವು ಕಲ್ಪಿಸಿದ ಇಬ್ಬರೂ ದೊಡ್ಡ ಯಂತ್ರದ ಮೇಲೆ ತಮ್ಮ ದೇಹವನ್ನು 20 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದರೆಂದಿಟ್ಟುಕೊಳ್ಳಿ. ಹಗುರವಾದವನಿಂದ ಒಟ್ಟು ಗುರುತ್ವಕೇಂದ್ರ ಐದೂವರೆ ಸೆಂಟಿಮೀಟರ್ ಸರಿಯುತ್ತದೆ. ಭಾರವಾದವನಿಂದ ಆರು ಸೆಂಟಿಮೀಟರಿಗೂ ಮಿಕ್ಕಿ ಸರಿಯುತ್ತದೆ. ತೋಳಿನ ಬಲವನ್ನೂ ಇದಕ್ಕೆ ಸೇರಿಸಿದರೆ, ಭಾರವಾದ ಯಂತ್ರವನ್ನು ಎಡದಿಂದ ಬಲಕ್ಕೆ ಬಾಗಿಸುವ ಕೆಲಸದಲ್ಲಿ ದೊಡ್ಡ ಮೈಯವನು ಹಿಂದೆ ಬೀಳುವುದಿಲ್ಲ.

ಅನುಭವವೂ ಈ ಲೆಕ್ಕಗಳನ್ನು ಬಹುಮಟ್ಟಿಗೆ ಸಮರ್ಥಿಸುತ್ತದೆ. ಸ್ಪೇನಿನ ಡ್ಯಾನಿ ಪೆಡ್ರೋಸಾ 160 ಸೆಂಟಿಮೀಟರ್ ಎತ್ತರದ, ಸುಮಾರು 51 ಕಿ.ಗ್ರಾಂ. ತೂಕದ ಸವಾರ. 2003ರಲ್ಲಿ 125 ಸಿ.ಸಿ. ವರ್ಗದಲ್ಲಿಯೂ 2004 ಮತ್ತು 2005ರಲ್ಲಿ 250 ಸಿ.ಸಿ. ವರ್ಗದಲ್ಲಿಯೂ ಅವನು ಜಗತ್ತಿನ ಚಾಂಪಿಯನ್ ಆದನು. ದೊಡ್ಡ ವರ್ಗಕ್ಕೆ ಏರಿದ ಮೇಲೆ 31 ಓಟಗಳನ್ನು ಗೆದ್ದನಾದರೂ ಚಾಂಪಿಯನ್ ಪದವಿ ಅವನಿಗೆ ದಕ್ಕಲೇ ಇಲ್ಲ. ತಣ್ಣನೆಯ ಟೈರುಗಳನ್ನು ಕಾಯಿಸುವುದು ಅವನಿಗೆ ತೊಡಕಾಗುತ್ತಿತ್ತೆಂಬುದು ಆ ಪಂದ್ಯಗಳನ್ನು ಬಲ್ಲವರ ಸಾಮಾನ್ಯ ಅಭಿಪ್ರಾಯ. ಅದೇ ವರ್ಗದಲ್ಲಿ 181 ಸೆಂಟಿಮೀಟರ್ ಎತ್ತರದ ಇಟಲಿಯ ವ್ಯಾಲೆಂಟಿನೊ ರೋಸ್ಸಿ 2001ರಿಂದ 2009ರ ಒಳಗೆ ಏಳು ಬಾರಿ ಚಾಂಪಿಯನ್ ಆದನು. ಹಗುರವಾದವನೇ ಗೆಲ್ಲುತ್ತಾನೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಆದರೆ ತೂಕದಿಂದ ಏನೂ ಆಗದೆಂಬ ವಾದವೂ ನಿಲ್ಲುವಂತಹುದಲ್ಲ. ಮಾರುಕಟ್ಟೆಯ ಯಂತ್ರಗಳನ್ನೇ ಆಧಾರವಾಗಿಟ್ಟುಕೊಂಡು ನಡೆಯುವ ಜಾಗತಿಕ ಸೂಪರ್‌ಬೈಕ್ ಪಂದ್ಯಗಳಲ್ಲಿ ಸ್ಪೇನಿನ ಇನ್ನೊಬ್ಬ ಚಿಕ್ಕ ಮೈಕಟ್ಟಿನ ಸವಾರ ಆಲ್ವರೊ ಬೌಟಿಸ್ಟಾ 2022ರಲ್ಲಿಯೂ 2023ರಲ್ಲಿಯೂ ಚಾಂಪಿಯನ್ ಆದನು. 2023ರಲ್ಲಂತೂ 27 ಓಟಗಳನ್ನು ಗೆದ್ದನು. ಅವನ ಹಗುರವಾದ ಮೈಯೇ ನೇರ ದಾರಿಯಲ್ಲಿ ಅವನನ್ನು ಮುಂದಕ್ಕೆ ಒಯ್ಯುತ್ತಿದೆಯೆಂದು ಎದುರಾಳಿಗಳು ಆಕ್ಷೇಪಿಸಿದರು. ಪರಿಣಾಮವಾಗಿ 2024ರಲ್ಲಿ ಅಲ್ಲಿ ಹೊಸ ನಿಯಮ ಬಂದಿತು. ಉಡುಪು ಸಹಿತ 80 ಕಿ.ಗ್ರಾಂ. ತೂಕವನ್ನು ಆಧಾರವಾಗಿಟ್ಟು, ಅದಕ್ಕಿಂತ ಹಗುರವಾದ ಸವಾರನ ಯಂತ್ರಕ್ಕೆ ವ್ಯತ್ಯಾಸದ ಅರ್ಧದಷ್ಟು ಭಾರವನ್ನು ಕಟ್ಟಬೇಕೆಂದು ವಿಧಿಸಲಾಯಿತು. ಬೌಟಿಸ್ಟಾ ಇದನ್ನು ಮೆಚ್ಚಲಿಲ್ಲ. ಆ ವರ್ಷ ತುರ್ಕಿಯ ಟೊಪ್ರಾಕ್ ರಾಜ್‌ಗಾಟ್ಲಿಯೋಗ್ಲು ಚಾಂಪಿಯನ್ ಆದನು. ಇದನ್ನು ನೋಡಿ ಕಟ್ಟಿದ ಭಾರವೇ ಬೌಟಿಸ್ಟಾನನ್ನು ಸೋಲಿಸಿತೆಂದು ಹೇಳಬಹುದೆ? ಹೇಳಲಾಗದು. ಏಕೆಂದರೆ ಹಿಂದಿನ ವರ್ಷದ ಕೊನೆಯಲ್ಲಿ ಅವನು ಬಿದ್ದು ಕುತ್ತಿಗೆಗೆ ಪೆಟ್ಟು ಮಾಡಿಕೊಂಡಿದ್ದನು. ಎದುರಾಳಿ ಬೇರೊಂದು ಕಂಪನಿಯ ಯಂತ್ರವನ್ನೇರಿದ್ದನು. ಎರಡು ಸಂಗತಿಗಳು ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ತೀರ್ಮಾನಿಸುವುದು ವಿಜ್ಞಾನದ ಮಾರ್ಗವಲ್ಲ. ನಿಯಮವನ್ನು ಸಮರ್ಥಿಸಬೇಕಾದರೆ ಒಂದು ವರ್ಷದ ಫಲಿತಾಂಶವನ್ನು ನೆಚ್ಚದೆ ಕಾರಣಗಳನ್ನು ನೆಚ್ಚಬೇಕು.

ಇಷ್ಟು ಹೊತ್ತು ನಾವು ಸವಾರನ ತೂಕವನ್ನು ಒಂದು ಅಂಕಿಯೆಂಬಂತೆ ಎಣಿಸಿದೆವು. ಆದರೆ ಅದು ಬರಿಯ ಅಂಕಿಯಲ್ಲ. ಒಬ್ಬ ತರುಣನ ಮೈ. ಯಂತ್ರದಿಂದ ಒಂದು ಕಿಲೋಗ್ರಾಂ ಇಳಿಸಬೇಕಾದರೆ ದುಬಾರಿ ಲೋಹಗಳೂ ನುರಿತ ಎಂಜಿನಿಯರರೂ ಬೇಕು. ಸವಾರನಿಂದ ಒಂದು ಕಿಲೋಗ್ರಾಂ ಇಳಿಸಲು ಒಂದು ಹೊತ್ತಿನ ಊಟವನ್ನು ಬಿಟ್ಟರೆ ಸಾಕು ಎಂಬ ಯೋಚನೆ ಸುಲಭವಾಗಿ ಹುಟ್ಟುತ್ತದೆ. ಹದಿನೆಂಟು, ಇಪ್ಪತ್ತರ ಪ್ರಾಯದಲ್ಲಿ, ಬೆಳೆಯುವ ಎಲುಬಿಗೂ ಸ್ನಾಯುವಿಗೂ ಆಹಾರ ಬೇಕಾದ ಕಾಲದಲ್ಲಿ, ಈ ಯೋಚನೆ ಎಷ್ಟು ಅಪಾಯಕರವೆಂಬುದನ್ನು ಬೇರೆ ಆಟಗಳು ನಮಗೆ ಕಲಿಸಿವೆ. ಅಮೆರಿಕದಲ್ಲಿ 1997ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ಕೇವಲ ಆರು ವಾರಗಳೊಳಗೆ, ಮೂವರು ಕಾಲೇಜು ಕುಸ್ತಿಪಟುಗಳು ಕೆಳಗಿನ ತೂಕದ ವರ್ಗಕ್ಕೆ ಇಳಿಯುವುದಕ್ಕಾಗಿ ಮೈಯ ನೀರನ್ನು ಬೆವರಿಸಿ ತೆಗೆಯುತ್ತಿದ್ದಾಗ ಮರಣ ಹೊಂದಿದರು. ಅವರಿಗೆ ಯಾವ ಎದುರಾಳಿಯೂ ಪೆಟ್ಟು ಹಾಕಿರಲಿಲ್ಲ. ಅವರನ್ನು ಕೊಂದುದು ತಕ್ಕಡಿಯ ಮುಳ್ಳು. ಆ ಬಳಿಕವೇ ಅಲ್ಲಿ ರಬ್ಬರಿನ ಉಡುಪು ತೊಟ್ಟು ಬೆವರಿಳಿಸುವುದನ್ನು ನಿಷೇಧಿಸಿ ತೂಗುವ ಕ್ರಮವನ್ನು ಬದಲಾಯಿಸಿದರು. ಹಿಮದ ಇಳಿಜಾರಿನಿಂದ ಗಾಳಿಗೆ ಚಿಮ್ಮುವ ಸ್ಕೀ ನೆಗೆತದಲ್ಲಿಯೂ ತೆಳ್ಳಗಾದಷ್ಟೂ ದೂರ ಹಾರಬಹುದೆಂಬ ಆಸೆಗೆ ಆಟಗಾರರು ಉಪವಾಸ ಬೀಳತೊಡಗಿದರು. ಎತ್ತರಕ್ಕೆ ತಕ್ಕ ತೂಕವಿಲ್ಲದವನು ಗಿಡ್ಡನೆಯ ಸ್ಕೀ ಹಲಗೆಗಳನ್ನು ತೊಡಬೇಕೆಂಬ ನಿಯಮವನ್ನು 2004-05ರಲ್ಲಿ ತರಬೇಕಾಯಿತು.

ಮೋಟಾರ್ ಸೈಕಲ್ ಸವಾರನಿಗೆ ಅಪಾಯ ಇನ್ನೂ ಹೆಚ್ಚು. ಬಿಸಿಲಿನಲ್ಲಿ, ದಪ್ಪ ಚರ್ಮದ ಉಡುಪಿನೊಳಗೆ, ಮುಕ್ಕಾಲು ಗಂಟೆಯ ತನಕ ಅವನು ಬೆವರುತ್ತಾನೆ. ದೇಹದ ತೂಕದ ಶೇಕಡಾ ಎರಡರಷ್ಟು ನೀರು ನಷ್ಟವಾದರೇ ಶ್ರಮವನ್ನು ತಾಳುವ ಶಕ್ತಿ ಕುಂದತೊಡಗುತ್ತದೆ. ರಕ್ತದ ಪ್ರಮಾಣ ಇಳಿದು ಹೃದಯ ಹೆಚ್ಚು ಬಡಿಯಬೇಕಾಗುತ್ತದೆ, ಮೈಯ ಕಾವು ಏರುತ್ತದೆ. ಓಟಗಾರನಿಗೆ ತಲೆ ಸುತ್ತಿದರೆ ಅವನು ದಾರಿಯ ಬದಿಯಲ್ಲಿ ಕುಳಿತುಕೊಳ್ಳಬಹುದು. ಗಂಟೆಗೆ 200 ಕಿ.ಮೀ. ವೇಗದಲ್ಲಿರುವವನು ಎಲ್ಲಿ ಕುಳಿತುಕೊಳ್ಳಬೇಕು? ಅವನು ಬಿದ್ದರೆ ಹಿಂದೆ ಬರುವವರ ಪ್ರಾಣಕ್ಕೂ ಅಪಾಯ.

ಆದುದರಿಂದ ಯಂತ್ರವನ್ನೂ ಸವಾರನನ್ನೂ ಕೂಡಿಸಿಯೇ ತೂಗಬೇಕು, ಎಲ್ಲ ವರ್ಗಗಳಲ್ಲಿಯೂ ತೂಗಬೇಕು ಎಂಬುದು ನಮ್ಮ ನಿಶ್ಚಿತ ಅಭಿಪ್ರಾಯ. ಇದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡು ಮುಖ್ಯವಾದವು.

ಮೊದಲನೆಯದು: ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಎತ್ತರದವನನ್ನು ಮಂಡಿಯೂರಿ ಆಡೆಂದು ಯಾರೂ ಹೇಳುವುದಿಲ್ಲ, ಪ್ರಕೃತಿ ಕೊಟ್ಟ ವರವನ್ನು ಇಲ್ಲಿ ಮಾತ್ರ ಏಕೆ ಕಸಿಯಬೇಕು? ಉತ್ತರವೇನೆಂದರೆ, ಊಟ ಬಿಟ್ಟು ಯಾರೂ ಎತ್ತರವಾಗಲಾರರು. ತೂಕ ಹಾಗಲ್ಲ. ಮೈಯನ್ನು ಕೆಡಿಸಿಕೊಂಡು ಪಡೆಯಬಹುದಾದ ಅನುಕೂಲಕ್ಕೆ ಬಹುಮಾನ ಕೊಡುವ ನಿಯಮವು ಮೈ ಕೆಡಿಸಿಕೊಳ್ಳಿರೆಂದು ಆಹ್ವಾನಿಸಿದಂತೆಯೇ ಸರಿ. ಅಲ್ಲದೆ ಎಂಜಿನಿನ ಗಾತ್ರ, ಇಂಧನ, ಟೈರು ಎಲ್ಲಕ್ಕೂ ಕಟ್ಟು ಹಾಕಿ ಸಮ ಮಾಡಿದ ಮೇಲೆ, ಸವಾರನ ಚಾತುರ್ಯಕ್ಕೆ ಸಂಬಂಧವೇ ಇಲ್ಲದ ಒಂದನ್ನು ಮಾತ್ರ ತೂಗದೆ ಬಿಡುವುದರಲ್ಲಿ ತರ್ಕವೇನಿದೆ?

ಎರಡನೆಯದು: ಚಿಕ್ಕ ಮೈಯವನಿಗೆ ತೋಳಿನ ಬಲವೂ ಕಡಿಮೆ, ಅವನ ಯಂತ್ರಕ್ಕೆ ಭಾರ ಕಟ್ಟಿದರೆ ಅವನಿಗೆ ಇಮ್ಮಡಿ ಶಿಕ್ಷೆಯಾಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಕಟ್ಟಿದ ಭಾರವನ್ನು ಯಂತ್ರದ ಕೆಳಭಾಗದಲ್ಲಿ, ಬೇಕಾದ ಸ್ಥಳದಲ್ಲಿ ಇರಿಸಬಹುದು. ಗಾಳಿಯ ಮರೆಯ ಲಾಭವಂತೂ ಚಿಕ್ಕವನಿಗೆ ಉಳಿದೇ ಇರುತ್ತದೆ. ಆದರೆ ಕಟ್ಟಿದ ಸೀಸ ತಾನಾಗಿ ಅತ್ತಿತ್ತ ಸರಿದು ಸವಾರನಿಗೆ ನೆರವಾಗುವುದಿಲ್ಲ. ದೊಡ್ಡ ಯಂತ್ರಗಳಲ್ಲಿ ತೂಕದ ನಷ್ಟ ಭಾಗಶಃ ಮಾತ್ರವೆಂದು ಮೇಲೆ ಕಂಡೆವಷ್ಟೆ. ಆದುದರಿಂದ ಅಲ್ಲಿ ಪೂರ್ತಿ ವ್ಯತ್ಯಾಸವನ್ನು ತುಂಬಿಸದೆ ಅರ್ಧವನ್ನು ಮಾತ್ರ ತುಂಬಿಸುವುದು ಸೂಕ್ತ. ಸೂಪರ್‌ಬೈಕ್ ಪಂದ್ಯಗಳಲ್ಲಿ 2024ರಲ್ಲಿ ತಂದ ನಿಯಮದ ತತ್ತ್ವ ಈ ಕಾರಣಕ್ಕಾಗಿ ನಮಗೆ ಸಮ್ಮತವಾಗಿದೆ.

ಚಿಕ್ಕ ಯಂತ್ರಗಳಲ್ಲಿ ಪೂರ್ತಿ ವ್ಯತ್ಯಾಸವನ್ನೇ ತುಂಬಿಸಬೇಕು. ಅಷ್ಟೇ ಅಲ್ಲ, ಕನಿಷ್ಠ ತೂಕದ ಅಂಕಿಯನ್ನೂ ಏರಿಸಬೇಕು. 152 ಕಿ.ಗ್ರಾಂ. ಅಂಕಿಯನ್ನೇ ನೋಡಿ. ಯಂತ್ರಕ್ಕೆ 85ನ್ನು ಕಳೆದರೆ ಉಳಿಯುವುದು 67. ಉಡುಪಿಗೆ ಹತ್ತನ್ನು ಕಳೆದರೆ ಸವಾರನಿಗೆ ಉಳಿಯುವುದು 57 ಕಿ.ಗ್ರಾಂ. ಮಾತ್ರ. ಅದಕ್ಕಿಂತ ಹೆಚ್ಚು ತೂಗುವ ಪ್ರತಿಯೊಬ್ಬನೂ ಹೆಚ್ಚಿನ ಪ್ರತಿಯೊಂದು ಕಿಲೋಗ್ರಾಂಗೂ ದಂಡ ತೆರುತ್ತಾನೆ. ಹದಿನಾರು ವರ್ಷದ ಹುಡುಗರು ಪ್ರವೇಶಿಸುತ್ತಿದ್ದ ಕಾಲಕ್ಕೆ ಈ ಅಂಕಿ ಹೊಂದುತ್ತಿದ್ದಿರಬಹುದು. ಆದರೆ 2023ರಿಂದ ಗ್ರ್ಯಾಂಡ್ ಪ್ರೀ ಪ್ರವೇಶಕ್ಕೆ ಕನಿಷ್ಠ ವಯಸ್ಸು 18 ಎಂದಾಯಿತು. ವಯಸ್ಸನ್ನು ಏರಿಸಿ, ಆ ವಯಸ್ಸಿಗೆ ತಕ್ಕ ಮೈಗೆ ಎಡೆ ಕೊಡದಿರುವುದು ಹೇಗೆ ಸರಿ? ಉಡುಪು ಸಹಿತ 80 ಕಿ.ಗ್ರಾಂ. ಸವಾರನನ್ನೇ ಇಲ್ಲಿಯೂ ಆಧಾರವಾಗಿ ಹಿಡಿದರೆ ಒಟ್ಟು ತೂಕ 165 ಕಿ.ಗ್ರಾಂ. ಆಗುತ್ತದೆ. ಎಲ್ಲರೂ ಅಷ್ಟೇ ಭಾರವನ್ನು ಹೊತ್ತರೆ ಓಟ ಸ್ವಲ್ಪ ನಿಧಾನವಾಗಬಹುದು. ಅದರಿಂದ ಆಟದ ರಸವೇನೂ ಕುಂದದು.

ಮೋಟಾರ್ ಕಾರುಗಳ ಫಾರ್ಮುಲಾ ಒನ್ ಪಂದ್ಯದವರು ಈ ದಾರಿಯಲ್ಲಿ ಮೊದಲೇ ನಡೆದಿದ್ದಾರೆ. ಅಲ್ಲಿ ಚಾಲಕನನ್ನು ಕಾರಿನೊಡನೆ ಕೂಡಿಸಿ ತೂಗುವ ಪದ್ಧತಿ ಮುಂಚೆಯೇ ಇತ್ತು. ಆದರೂ ಚಾಲಕ ಹಗುರನಾದಷ್ಟೂ ಉಳಿದ ಭಾರವನ್ನು ಕಾರಿನ ತಳದಲ್ಲಿ ತಮಗೆ ಬೇಕಾದೆಡೆ ಇರಿಸಬಹುದೆಂದು ಎಂಜಿನಿಯರರು ಅವನನ್ನು ತೆಳ್ಳಗಾಗುವಂತೆ ಒತ್ತಾಯಿಸುತ್ತಿದ್ದರು. 2019ರಲ್ಲಿ ಚಾಲಕನ ಪಾಲಿಗೆಂದೇ ಆಸನ ಸಹಿತ 80 ಕಿ.ಗ್ರಾಂ. ಕನಿಷ್ಠ ತೂಕವನ್ನು ಗೊತ್ತುಮಾಡಿ, ಕೊರತೆಯನ್ನು ಆಸನದ ಬಳಿಯಲ್ಲಿಯೇ ತುಂಬಬೇಕೆಂದು ವಿಧಿಸಿದರು. ಅಂದಿನಿಂದ ಹಸಿದಿರುವುದರಿಂದ ಚಾಲಕನಿಗೆ ಬರುತ್ತಿದ್ದ ಲಾಭ ಬಹುಮಟ್ಟಿಗೆ ಇಲ್ಲವಾಯಿತು.

ಭೌತಶಾಸ್ತ್ರದ ನಿಯಮಗಳನ್ನು ಯಾವ ಪಂದ್ಯಸಮಿತಿಯೂ ತಿದ್ದಲಾರದು. ಹೆಚ್ಚು ದ್ರವ್ಯರಾಶಿಗೆ ಹೆಚ್ಚು ಬಲ ಬೇಕೆಂಬುದು ಎಂದಿಗೂ ಸತ್ಯ. ಆದರೆ ಆ ಸತ್ಯದ ಹೊರೆಯನ್ನು ಯಾರು ಹೊರಬೇಕು, ಸವಾರನ ಹೊಟ್ಟೆಯೋ ಯಂತ್ರಕ್ಕೆ ಕಟ್ಟಿದ ಸೀಸದ ತುಂಡೋ ಎಂಬುದನ್ನು ನಿರ್ಧರಿಸುವುದು ಮನುಷ್ಯರ ಕೈಯಲ್ಲಿದೆ. ಸೀಸಕ್ಕೆ ಹಸಿವಿಲ್ಲ. ಹೊರೆಯನ್ನು ಅದರ ಮೇಲೆ ಹಾಕುವುದೇ ವಿವೇಕ. ಪಂದ್ಯಗಳನ್ನು ನೋಡಿ ಸಂತೋಷಪಡುವ ನಮ್ಮ ತರುಣ ವಾಚಕರು ಮುಂದಿನ ಬಾರಿ ಗೆದ್ದವನ ವೇಗವನ್ನು ಮೆಚ್ಚುವಾಗ, ಆ ವೇಗದಲ್ಲಿ ಕೈಚಳಕದ ಪಾಲೆಷ್ಟು, ಯಂತ್ರದ ಪಾಲೆಷ್ಟು, ಹಗುರವಾದ ಮೈಯ ಪಾಲೆಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಲಿ. ಲೆಕ್ಕ ಹಾಕಲು ಬಲ್ಲವರು ಹೆಚ್ಚಿದಂತೆಲ್ಲ ನಿಯಮಗಳೂ ನ್ಯಾಯದ ಕಡೆಗೆ ಬಾಗುತ್ತವೆ ಎಂಬುದು ನಮ್ಮ ನಂಬಿಕೆ.